ಅತ್ತೆಗೆ ಕಪ್ಪಿಂಗ್ ಮಾಡಿಸಬೇಕು, ದಾವಣಗೆರೆಯಲ್ಲಿ ಹೆಂಗಸರೇ ಮಾಡೋ ಕಡೆ ಯಾರಾದ್ರೂ ಹೋಗಿದೀರಾ?

ಹದಡಿರಸ್ತೆ_ಸೊಸೆ
ಎಲ್ರಿಗೂ ನಮಸ್ಕಾರ. ನಮ್ಮತ್ತೆಗೆ 58 ವರ್ಷ. ನಾಕು ತಿಂಗಳಿಂದ ಎಡಗಡೆ ಭುಜ ಹಿಡ್ಕಂಡೈತೆ. ಜಡೆ ಹಾಕ್ಕಳಕ್ಕೆ ಕೈ ಮೇಲಕ್ಕೆ ಏಳಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಕ್ಕಾಗಲ್ಲ. ಮುಲಾಮು, ಬಿಸಿನೀರಿನ ಚೀಲ, ಊರಿಂದ ತರಿಸಿದ ಎಣ್ಣೆ ಎಲ್ಲಾ ಆತು. ಒಂದ್ಸಲ ಮೂಳೆ ಡಾಕ್ಟ್ರ ಹತ್ರ ಕರ್ಕಂಡು ಹೋದೆ. ಅವ್ರು ಗಂಡಸ್ರು, ಜೊತೆಗೆ ಕಲಿಯಕ್ಕೆ ಬಂದ ಹುಡುಗ್ರು ಇಬ್ರು ನಿಂತಿದ್ರು. ಭುಜ ತೋರಿಸ್ರಿ ಅಂದಿದ್ದೇ ತಡ, ನಮ್ಮತ್ತೆ ಸೆರಗು ಇನ್ನೂ ಬಿಗಿಯಾಗಿ ಹೊದ್ಕಂಡು "ಈಗ ಕಮ್ಮಿ ಐತೆ ಬಿಡ್ರಿ" ಅಂತ ಎದ್ದು ಬಂದ್ಬಿಟ್ರು. ಫೀಸು ಕೊಟ್ಟು ಬಂದಿದ್ದೇ ಲಾಭ.

ಈಗ ನಮ್ಮ ಏರಿಯಾದಲ್ಲಿ ಒಂದು ಬ್ಯಾನರ್ ಕಟ್ಟಿದಾರೆ. "ಮಹಿಳೆಯರಿಗೆ ಮಹಿಳೆಯರಿಂದಲೇ ಕಪ್ಪಿಂಗ್ ಚಿಕಿತ್ಸೆ" ಅಂತ. ಕೆಳಗೆ ಸೊಂಟನೋವು, ಮಂಡಿನೋವು, ಅರೆತಲೆನೋವು, ಪಿಸಿಒಡಿ (ಅಂಡಾಶಯದ ತೊಂದರೆ), ಥೈರಾಯ್ಡ್, ಬಂಜೆತನ... ಪಟ್ಟಿ ಬ್ಯಾನರ್ ಮುಗಿಯೋವರೆಗೂ ಐತೆ. ಅತ್ತೆ ಅದನ್ನ ಓದಿ ತಾವಾಗೇ "ಇಲ್ಲಿಗಾದ್ರೆ ಬರ್ತೀನಿ ನೋಡು" ಅಂದ್ರು. ಅವ್ರ ಬಾಯಿಂದ ಈ ಮಾತು ಬಂದಿದ್ದು ನಾನು ಮದ್ವೆಯಾಗಿ ಬಂದ ಮೇಲೆ ಇದೇ ಮೊದಲು! ಹೋಗಬೋದಾ? ಏನೇನು ನೋಡ್ಕಬೇಕು? ಮಾಡಿಸ್ಕಂಡೋರು ಹೇಳ್ರಿ.

ಟೈಲರ್_ಅಕ್ಕ
ನಾನು ಮಾಡಿಸೀನಿ. ಗಾರ್ಮೆಂಟ್ಸಲ್ಲಿ ಒಂಬತ್ತು ವರ್ಷ ಮಿಷನ್ ತುಳಿದು ಕುತ್ತಿಗೆ ಕಲ್ಲಾಗಿತ್ತು. ಒಬ್ರು ಮೇಡಂ ಮನೇಲೇ ಮಾಡ್ತಾರೆ, ಎಂಟು ಕಪ್ಪು ಹಾಕಿದ್ರು. ಆವತ್ತು ರಾತ್ರಿ ಬಂದ ನಿದ್ದೆ ನಾನು ಬಾಣಂತನದಲ್ಲೂ ಮಾಡಿಲ್ಲ. ಹೋಗ್ರಿ ಧೈರ್ಯವಾಗಿ.

ಗುಂಡಿಸರ್ಕಲ್
ಕಪ್ಪು ಅಂದ್ರೆ ಚಹಾ ಕಪ್ಪಾ? 😄

ಟೈಲರ್_ಅಕ್ಕ
@ಗುಂಡಿಸರ್ಕಲ್ ಹೂಂ, ಸಾಸರ್ ಸಮೇತ. ಪ್ಲಾಸ್ಟಿಕ್ ಬಟ್ಟಲು ಕಣಪ್ಪ. ಮೇಲೆ ಪಂಪ್ ಹಚ್ಚಿ ಗಾಳಿ ಎಳೀತಾರೆ, ಚರ್ಮ ಬನ್ನಿನ ಥರ ಉಬ್ಬಿ ಒಳಗೆ ಏಳ್ತದೆ.

ಲ್ಯಾಬ್‌ಕೋಟು
ಟೈಲರ್ ಅಕ್ಕ, ಒಂದು ಕೇಳ್ಲಾ? ಬರೀ ಎಳೆದ್ರಾ, ಇಲ್ಲ ಬ್ಲೇಡಿನಿಂದ ಗೀರಿ ರಕ್ತ ತೆಗೆದ್ರಾ? ಇವೆರಡಕ್ಕೂ ಭಾಳ ವ್ಯತ್ಯಾಸ ಇದೆ. ಗಾಳಿ ಎಳೆಯೋದಷ್ಟೇ ಆದ್ರೆ ಒಣ ಕಪ್ಪಿಂಗ್, ಚರ್ಮದ ಮೇಲೆ ಗುಂಡನೆ ಕಲೆ ಬಿಟ್ಟು ವಾರ ಹತ್ತು ದಿನದಲ್ಲಿ ಹೋಗುತ್ತೆ. ಗೀರಿದ್ರೆ ಅದು ಸಣ್ಣ ಶಸ್ತ್ರಚಿಕಿತ್ಸೆ ಅಂತಲೇ ತಿಳ್ಕೊಳ್ಳಿ.

ಟೈಲರ್_ಅಕ್ಕ
ಗೀರಿದ್ರು. ನಾನು ಬೋರಲು ಮಲಗಿದ್ದೆ, ಕಾಣಲಿಲ್ಲ. ಇರುವೆ ಕಚ್ಚಿದಂಗೆ ಆತು ಅಷ್ಟೆ. ಆಮೇಲೆ ತೋರ್ಸಿದ್ರು, ಕಪ್ಪಗೆ ಗಡ್ಡೆ ಗಡ್ಡೆ ಕೆಟ್ಟ ರಕ್ತ. ಇಷ್ಟೆಲ್ಲಾ ನನ್ನ ಮೈಯಾಗಿತ್ತಾ ಅನ್ನಿಸ್ತು.

ಲ್ಯಾಬ್‌ಕೋಟು
ಅಕ್ಕ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕು ವರ್ಷದಿಂದ ದಿನಾ ರಕ್ತ ತೆಗೆಯೋದೇ ನನ್ನ ಕೆಲಸ. ಮೈಯಿಂದ ಹೊರಗೆ ಬಂದ ರಕ್ತ ಐದಾರು ನಿಮಿಷ ಇಟ್ರೆ ಗಡ್ಡೆ ಕಟ್ಟುತ್ತೆ. ಕಟ್ಟಬಾರದು ಅಂತಲೇ ನಾವು ಟ್ಯೂಬಿಗೆ ಔಷಧಿ ಹಾಕಿರ್ತೀವಿ. ಬಟ್ಟಲೊಳಗೆ ನಿಂತ ರಕ್ತ ಕಪ್ಪಾಗಿ, ಪೇರಳೆ ಹಣ್ಣಿನ ಹಲ್ವಾ ಥರ ಆಗೋದು ಆರೋಗ್ಯವಾಗಿರೋ ರಕ್ತದ ಲಕ್ಷಣವೇ. ಕೆಟ್ಟದ್ದು, ಒಳ್ಳೇದು ಅಂತ ಮೈಯೊಳಗೆ ಎರಡು ಡಬ್ಬಿ ಇಲ್ಲ. ಸೋಸೋ ಕೆಲಸ ಕಿಡ್ನಿ, ಲಿವರ್ ನೋಡ್ಕೊಳ್ತವೆ.

ನಿಮಗೆ ಹಾಯ್ ಅನ್ನಿಸಿದ್ದು ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಕಾರಣ ಅದಲ್ಲ.

ಆನಗೋಡು_ಗೌಡ
ಇದೇನು ಹೊಸದಲ್ರಿ. ನಮ್ಮ ಅಜ್ಜಿ ಹೇಳೋಳು, ಸುಗ್ಗಿ ಮುಗಿದ ಮೇಲೆ ಕೊಂಬು ಹಾಕೋರು ಊರೂರ ಮೇಲೆ ಬರೋರಂತೆ. ದನದ ಕೊಂಬಿನ ತುದಿ ತೂತು ಮಾಡಿ, ನೋವಿದ್ದ ಕಡೆ ಇಟ್ಟು ಬಾಯಿಂದ ಗಾಳಿ ಎಳ್ದು ಮೇಣ ಮೆತ್ತೋರು. ಕೆರೆ ನೀರಿನ ಜಿಗಣೆ ಬಿಡೋದು ಬ್ಯಾರೆ. ಈಗ ಅದನ್ನೇ ಎಸಿ ರೂಮಿನಾಗೆ ಮಾಡಿ ಇಂಗ್ಲೀಷ್ ಹೆಸರಿಟ್ಟಾರೆ.

ಮಂಡಕ್ಕಿಮಿರ್ಚಿ
ನಮ್ಮನೇಲಿ ಬಟ್ಟಿ ಸರಿದು ಹೊಟ್ಟೆನೋವು ಬಂದ್ರೆ ಮಾಡ್ತಿದ್ದಿದ್ದೂ ಇದೇ ಅಲ್ವಾ! ಹೊಕ್ಕಳ ಮೇಲೆ ಹಿಟ್ಟಿನ ಹಣತೆ ಇಟ್ಟು ಬತ್ತಿ ಹಚ್ಚೋದು, ಮೇಲೆ ಚೊಂಬು ಬೋರಲು ಹಾಕೋದು. ದೀಪ ಆರಿದ ತಕ್ಷಣ ಚೊಂಬು ಹೊಟ್ಟೆ ಹಿಡ್ಕೊಂಡು ಬಿಡೋದಿಲ್ಲ. ಎಂಟು ವರ್ಷದವಳಿದ್ದಾಗ ನಂಗೆ ಮಾಡಿದಾರೆ, ಚೊಂಬು ಹೊತ್ಕೊಂಡೇ ಮನೆ ತುಂಬಾ ಓಡಿದ್ದೆ.

ಗುಂಡಿಸರ್ಕಲ್
ಭಾಷಾನಗರದ ಕಡೆ ಎಲ್ಲಿ ನೋಡಿದ್ರೂ ಭಟ್ಟಿನೇ, ಅಲ್ಲಿ ಸರಿದ್ರೆ ಊರಿಗೆಲ್ಲಾ ಮಂಡಕ್ಕಿ ಇಲ್ಲ.

ಮಂಡಕ್ಕಿಮಿರ್ಚಿ
@ಗುಂಡಿಸರ್ಕಲ್ ಅದು ಮಂಡಕ್ಕಿ ಭಟ್ಟಿ, ಮಹಾಪ್ರಾಣ. ಇದು ಹೊಟ್ಟೆ ಬಟ್ಟಿ, ಅಲ್ಪಪ್ರಾಣ. ಕನ್ನಡ ಮೇಷ್ಟ್ರು ಬೈತಾರೆ ನೋಡು.

ಜೋಕು ಪಕ್ಕಕ್ಕಿರ್ಲಿ, ಆ ಭಟ್ಟಿಗಳಲ್ಲಿ ದುಡಿಯೋ ಹೆಂಗಸರ ಬೆನ್ನು ಯಾರು ಕೇಳ್ತಾರೆ? ಬಿಸಿ ಮರಳಿನ ಝಳ, ಹೊಗೆ, ಚೀಲ ಎತ್ತೋದು. ನಮ್ಮ ಮನೆ ಹಿಂದಿನ ಓಣಿಯ ಒಬ್ಬರಿಗೆ ಬೆನ್ನು ಹಿಡಿದು ಎರಡು ವರ್ಷ. ಆಸ್ಪತ್ರೆಗೆ ಹೋದ್ರೆ ಅರ್ಧ ದಿನದ ಕೂಲಿ ಹೋಗುತ್ತೆ, ಹೋದ್ರೂ ಬೆನ್ನು ಮುಟ್ಟಿ ನೋಡೋರಿಲ್ಲ, ದೂರದಿಂದಲೇ ಗುಳಿಗೆ ಬರ್ಕೊಡ್ತಾರೆ. ಈ ಕಪ್ಪಿಂಗ್ ಮನೆಗೆ ಹೋದ್ರೆ ಒಬ್ಬ ಹೆಂಗಸು ಅರ್ಧ ಗಂಟೆ ಪಕ್ಕ ಕೂತು ಬೆನ್ನು ಮುಟ್ತಾಳೆ, "ಯಾವಾಗಿಂದ ಅಮ್ಮಾ?" ಅಂತ ಕೇಳ್ತಾಳೆ. ಅರ್ಧ ನೋವು ಅಲ್ಲೇ ಇಳಿಯುತ್ತೆ ಅಂತ ನನ್ನ ಅನುಮಾನ.

ಓಪಿಡಿ_ನಂ_7
ಅನುಮಾನ ಅಲ್ಲ, ಅದೇ ಇದನ್ನ ಅಳೆಯೋಕೆ ಇರೋ ದೊಡ್ಡ ತೊಡಕು. ನಾನು ಎಂಬಿಬಿಎಸ್ ಮುಗಿಸಿ ಈಗ ಪಿಜಿ ಓದ್ತಿದ್ದೇನೆ. ಒಂದು ಗುಳಿಗೆ ಕೆಲಸ ಮಾಡುತ್ತಾ ಅಂತ ನೋಡಲು ಅದೇ ಥರದ ಸುಳ್ಳು ಗುಳಿಗೆ ಕೊಟ್ಟು ಹೋಲಿಸಬಹುದು. ಸುಳ್ಳು ಕಪ್ಪು ಹಾಕೋದು ಹೇಗೆ? ಬೆನ್ನು ಎಳೀತಾ ಇದೆಯೋ ಇಲ್ಲವೋ ರೋಗಿಗೇ ಗೊತ್ತಾಗುತ್ತೆ. ಕುತ್ತಿಗೆ, ಸೊಂಟ ನೋವಿಗೆ ಸ್ವಲ್ಪ ದಿನದ ಆರಾಮ ಸಿಗಬಹುದು ಅಂತ ಕೆಲವು ಅಧ್ಯಯನಗಳು ಹೇಳ್ತವೆ, ಬಹುತೇಕ ಸಣ್ಣವು. ಪಿಸಿಒಡಿ, ಥೈರಾಯ್ಡ್, ಬಂಜೆತನ ವಾಸಿಯಾಗುತ್ತೆ ಅನ್ನೋದಕ್ಕೆ ನಂಬುವಂಥ ಆಧಾರ ಇಲ್ಲ. ಬ್ಯಾನರಿನಲ್ಲಿ ಆ ಪದಗಳನ್ನ ಕಂಡ್ರೆ ನಾನಂತೂ ರಸ್ತೆ ಆ ಕಡೆಗೆ ದಾಟ್ತೀನಿ. ಮಕ್ಕಳಾಗಿಲ್ಲ ಅಂತ ಕಣ್ಣೀರು ಹಾಕೋರ ಹತ್ತಿರ ದುಡ್ಡು ಕೀಳೋದು ಸುಲಭ.

ಹರಿಹರ_ಪ್ಯಾಸೆಂಜರ್
ಅಲೋಪತಿ ಅವ್ರಿಗೆ ತಮ್ಮದು ಬಿಟ್ಟು ಬೇರೆಯವ್ರದ್ದೆಲ್ಲಾ ಮೋಸ. ರಿಯೋ ಒಲಿಂಪಿಕ್ಸಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಬೆನ್ನು ಭುಜದ ತುಂಬಾ ಗುಂಡನೆ ಕಲೆ ಇದ್ವು, ಟಿವಿನಲ್ಲೇ ನೋಡಿದೀವಿ. ಚಿನ್ನ ಗೆದ್ದ!

ಓಪಿಡಿ_ನಂ_7
2016ಕ್ಕಿಂತ ಮುಂಚೆ ಮೂರು ಒಲಿಂಪಿಕ್ಸಲ್ಲೂ ಆತ ಚಿನ್ನ ಗೆದ್ದಿದ್ದ ಸ್ವಾಮಿ. ಅವನ ಹಾಗೆ ದೋಣಿಯ ಹುಟ್ಟಿನ ಥರದ ಕಾಲು ಇದ್ದಿದ್ರೆ ನಾನೂ ಗೆಲ್ತಿದ್ದೆ.

ದುರ್ಗದವಳು
ನನ್ನ ಅನುಭವ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ. ನಾನು ಚಿತ್ರದುರ್ಗದಲ್ಲಿ ಶಾಲೆ ಟೀಚರ್. ದಿನಾ ನಿಂತೇ ಪಾಠ, ಹೆಗಲಿಗೆ ನೋಟ್‌ಬುಕ್ ಚೀಲ. ಎರಡು ವರ್ಷದ ಹಿಂದೆ ಗೆಳತಿ ಜೊತೆ ದಾವಣಗೆರೆಗೆ ಬಂದು ಒಣ ಕಪ್ಪಿಂಗ್ ಮಾಡಿಸ್ಕೊಂಡೆ. ಮರುದಿನ ರವಿಕೆ ಬೆನ್ನು ಸ್ವಲ್ಪ ಇಳಿದಿತ್ತು. ಬಸ್ಸಲ್ಲಿ ಹಿಂದಿನ ಸೀಟಿನ ಅಜ್ಜಿ ಭುಜ ತಟ್ಟಿ ಕಿವಿ ಹತ್ರ "ಯಾರವ್ವಾ ಹಿಂಗೆ ಬಡಿದಿದ್ದು? ಗಂಡನಾ?" ಅಂತ ಕೇಳಿದ್ರು. ಇಲ್ಲಜ್ಜಿ, ಚಿಕಿತ್ಸೆ ಅಂದೆ. ನಂಬಲೇ ಇಲ್ಲ. ಇಳಿಯೋವಾಗ ಹತ್ತು ರೂಪಾಯಿ ಕೈಗಿಟ್ಟು "ತವರಿಗೆ ಹೋಗಿ ನಾಕು ದಿನ ಇದ್ದು ಬಾ" ಅಂದ್ರು. ಆ ನೋಟು ಇನ್ನೂ ಇಟ್ಕೊಂಡಿದೀನಿ.

ಇದು ನಗು ಬರೋ ಭಾಗ. ಮೂರು ತಿಂಗಳಾದ ಮೇಲೆ ಬೇರೆ ಒಬ್ರ ಹತ್ರ ಹೋದೆ, ಅವ್ರೂ ಹೆಂಗಸೇ. ಪರದೆ, ಹೂವಿನ ಬೆಡ್‌ಶೀಟು, ಲವಂಗದ ವಾಸನೆ, ಎಲ್ಲಾ ಮನೆ ಥರ. ರಕ್ತ ತೆಗೆದ್ರೆ ಒಳ್ಳೇದು ಅಂದ್ರು, ಹೂಂ ಅಂದೆ. ಮುಟ್ಟು ಮುಗಿದು ಮೂರೇ ದಿನ ಆಗಿತ್ತು, ಅವ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎದ್ದು ಕೂತಾಗ ಕಣ್ಣು ಕತ್ತಲೆ ಬಂತು, ಅಲ್ಲೇ ಕುಸಿದೆ. ಆಮೇಲೆ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ 8.6. ಅದಕ್ಕೂ ಆರು ತಿಂಗಳು ಮುಂಚೆ ನಮ್ಮ ಶಾಲೆಯ ರಕ್ತದಾನ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿ "ನಿಮ್ಮದು 12.5 ಇಲ್ಲ ಮೇಡಂ, ತಗೊಳ್ಳಲ್ಲ" ಅಂತ ವಾಪಸ್ ಕಳಿಸಿದ್ರು. ಅಲ್ಲಿ ಬೇರೆಯವರಿಗೆ ಕೊಡೋ ರಕ್ತಕ್ಕೇ ಅಷ್ಟು ಲೆಕ್ಕ. ಇಲ್ಲಿ ತೆಗೆದು ಹತ್ತಿಯಲ್ಲಿ ಒರೆಸಿ ಬಿಸಾಕೋ ರಕ್ತಕ್ಕೆ ಒಂದು ಪ್ರಶ್ನೆನೂ ಇಲ್ಲ.

ಕೆಟ್ಟವರು ಅಂತ ನಾನು ಹೇಳಲ್ಲ. ಬೆಲ್ಲದ ನೀರು ಕುಡಿಸಿ, ತಲೆ ನೇವರಿಸಿ, ಆಟೋ ಹತ್ತಿಸಿದ್ರು. ಆದ್ರೆ ಗಂಡಸು ಡಾಕ್ಟ್ರಾಗಿದ್ರೆ ಸಾವಿರ ಪ್ರಶ್ನೆ ಕೇಳ್ತಿದ್ದ ನಾನು, ಹೆಂಗಸು ಅಂದ ಕೂಡ್ಲೇ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಬ್ಲೇಡು ಹೊಸದಾ ಅಂತ ಕೇಳೋಕೂ ಸಂಕೋಚ. ನಮ್ಮಕ್ಕನ ಮನೆಗೆ ಹೋಗಿ ತಟ್ಟೆ ತೊಳೆದಿದೀಯಾ ಅಂತ ಕೇಳಿದಂಗೆ ಆಗುತ್ತಲ್ಲ ಅಂತ.

ಲ್ಯಾಬ್‌ಕೋಟು
ನೂರಕ್ಕೆ ನೂರು. ಕೇಳಲೇಬೇಕಾದ್ದು ಆ ಬ್ಲೇಡನ್ನೇ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ರಕ್ತದಿಂದ ಹರಡೋವು. ಬ್ಲೇಡಿನ ಪೊಟ್ಟಣ ನಿಮ್ಮ ಕಣ್ಣೆದುರು ಹರೀಬೇಕು. ಗೀರೋ ಚಿಕಿತ್ಸೆಗೆ ಹಾಕಿದ ಕಪ್ಪು ಮತ್ತೊಬ್ಬರಿಗೆ ಹಾಕಬಾರದು. "ಡೆಟ್ಟಾಲಲ್ಲಿ ತೊಳೀತೀವಿ" ಅಂದ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ. ಒಂದು ಸುಲಭದ ಗುರುತು: ಮೂಲೆಯಲ್ಲಿರೋ ಕಸದ ಡಬ್ಬಿ ನೋಡಿ. ರಕ್ತದ ಹತ್ತಿಗೆ ಹಳದಿ ಚೀಲ, ಪ್ಲಾಸ್ಟಿಕ್ಕಿಗೆ ಕೆಂಪು, ಬ್ಲೇಡಿಗೆ ಬಿಳಿ ಗಟ್ಟಿ ಡಬ್ಬಿ. 2016ರ ನಿಯಮ ಅದು. ಎಲ್ಲಾ ಒಂದೇ ಕರಿ ಕವರಿಗೆ ಹೋಗ್ತಿದ್ರೆ ಮಹಾನಗರ ಪಾಲಿಕೆ ಕಸದ ಗಾಡಿಯ ಅಣ್ಣನ ಕೈಗೂ ಅದೇ ಚುಚ್ಚೋದು.

ಬೆಣ್ಣೆ_ಜಾಸ್ತಿ
ಇದೆಲ್ಲಾ ಒಂದು ಧರ್ಮದವರ ಪದ್ಧತಿ, ನಾವ್ಯಾಕೆ ಮಾಡಿಸ್ಬೇಕು? ನಮ್ಮ ಆಯುರ್ವೇದ ಇಲ್ವಾ?

ಆನಗೋಡು_ಗೌಡ
ಯಪ್ಪಾ, ಬೆನ್ನುನೋವಿಗೂ ಜಾತಿ ಕೇಳ್ತೀಯಲ್ಲೋ.

ಹಕೀಮರ_ಮೊಮ್ಮಗಳು
@ಬೆಣ್ಣೆ_ಜಾಸ್ತಿ ಸುಶ್ರುತ ಸಂಹಿತೆ ತೆಗೆದು ನೋಡಿ ಅಣ್ಣ. ರಕ್ತಮೋಕ್ಷಣಕ್ಕೆ, ಅಂದ್ರೆ ರಕ್ತ ತೆಗೆಯೋ ಚಿಕಿತ್ಸೆಗೆ, ಮೂರು ಸಾಧನ ಹೇಳಿದೆ: ವಾತಕ್ಕೆ ಶೃಂಗ ಅಂದ್ರೆ ಕೊಂಬು, ಪಿತ್ತಕ್ಕೆ ಜಲೌಕ ಅಂದ್ರೆ ಜಿಗಣೆ, ಕಫಕ್ಕೆ ಅಲಾಬು ಅಂದ್ರೆ ಸೋರೆಬುರುಡೆ. ಗೌಡ್ರ ಅಜ್ಜಿ ನೋಡಿದ ಕೊಂಬು ಅದೇ. ಚೀನಾದವರು ಬೆಂಕಿ ಹಚ್ಚಿ ಗಾಜಿನ ಬಟ್ಟಲು ಹಾಕ್ತಾರೆ. ಮಂಡಕ್ಕಿಮಿರ್ಚಿ ಅಕ್ಕನ ಚೊಂಬೂ ಅದೇ ಸಂಸಾರ.

ನನ್ನ ಪರಿಚಯ ಹೇಳಿಬಿಡ್ತೀನಿ, ಆಮೇಲೆ ಪಕ್ಷಪಾತ ಅನ್ನಬೇಡಿ. ನಾನು ಬಿಯುಎಂಎಸ್, ಯುನಾನಿ ವೈದ್ಯೆ. ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷದ ಓದು. ನಮ್ಮಲ್ಲಿ ಇದಕ್ಕೆ ಹಿಜಾಮಾ ಅಂತಾರೆ. ಗೀರದೆ ಮಾಡಿದ್ರೆ ಬಿಲಾ ಶರ್ತ್, ಗೀರಿ ಮಾಡಿದ್ರೆ ಬಿಶ್ ಶರ್ತ್. ಇಲಾಜ್ ಬಿತ್ ತದ್ಬೀರ್ (ಔಷಧಿ ಬದಲು ಇಂಥ ಕ್ರಮಗಳಿಂದ ಮಾಡೋ ಚಿಕಿತ್ಸೆ) ಅನ್ನೋ ವಿಭಾಗದಲ್ಲಿ ಕಲಿಸ್ತಾರೆ, ಬೆಂಗಳೂರಿನ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಇದರದ್ದೇ ಪಿಜಿ ಇದೆ. ಧಾರ್ಮಿಕ ನಂಬಿಕೆಯವರು ಚಾಂದ್ರಮಾನ ತಿಂಗಳ 17, 19, 21ನೇ ದಿನ ಕೇಳ್ಕೊಂಡು ಬರ್ತಾರೆ. ಬರಲಿ. ಆದ್ರೆ ತಾರೀಕು ಚೆನ್ನಾಗಿದೆ ಅಂತ ಹಿಮೋಗ್ಲೋಬಿನ್ ಏರಲ್ಲ, ಅದನ್ನ ನೋಡದೆ ನಾನು ಬ್ಲೇಡು ಮುಟ್ಟಲ್ಲ.

ನಮ್ಮ ತಲೆನೋವು ಏನು ಗೊತ್ತಾ? ಎರಡು ದಿನದ ಕೋರ್ಸು ಮುಗಿಸಿ ಗೋಡೆಗೆ ಸರ್ಟಿಫಿಕೇಟು ಹಾಕ್ಕೊಂಡು ಕೂರೋರು. ಅವರ ಗಾಜಿನ ಚೌಕಟ್ಟು ನನ್ನದಕ್ಕಿಂತ ದೊಡ್ಡದಿರುತ್ತೆ! ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಬೈಗುಳ ನಮಗೆ.

ನಿರ್ವಾಹಕ
ಧರ್ಮದ ವಿಷಯ ಇಲ್ಲಿಗೆ ಸಾಕು. ಮುಂದುವರಿಸಿದವರ ಕಾಮೆಂಟ್ ತೆಗೆಯಲಾಗುವುದು.

ಹರಿಹರ_ಪ್ಯಾಸೆಂಜರ್
ಡಾಕ್ಟರಮ್ಮ, ಸರ್ಟಿಫಿಕೇಟು ಅಸಲಿನಾ ನಕಲಿನಾ ನಮ್ಮಂಥೋರಿಗೆ ಹೆಂಗೆ ಗೊತ್ತಾಗ್ಬೇಕು?

ಹಕೀಮರ_ಮೊಮ್ಮಗಳು
ಎರಡು ನಂಬರು ಕೇಳಿ. ಒಂದು ವೈದ್ಯರದ್ದು: ಯುನಾನಿ, ಆಯುರ್ವೇದದವರಾದ್ರೆ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ ನೋಂದಣಿ ಇರಬೇಕು. ಇನ್ನೊಂದು ಕ್ಲಿನಿಕ್ಕಿನದ್ದು: ಕೆಪಿಎಂಇ ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು, ಆ ಸರ್ಟಿಫಿಕೇಟು ಬಂದವರಿಗೆ ಕಾಣೋ ಹಾಗೆ ಹಾಕಿರಬೇಕು. ಕೇಳಿದ್ರೆ ಮುಖ ಗಂಟಿಕ್ಕಿದ್ರೆ ಉತ್ತರ ಸಿಕ್ಕಿದ ಹಾಗೇ. ಮನೆಗೇ ಬಂದು ಮಾಡ್ತೀವಿ ಅನ್ನೋರ ಹತ್ರ ಗೀರಿಸ್ಕೊಳ್ಳೋದು ಬೇಡವೇ ಬೇಡ.

ಟೈಲರ್_ಅಕ್ಕ
ಎಲ್ರೂ ಸೇರಿ ನನ್ನ ಮೇಡಂಗೆ ಬೈದಂಗಾತು. ನೀವು ಹೇಳೋ ಕ್ಲಿನಿಕ್ಕು ಬೆಳಗ್ಗೆ ಹತ್ತಕ್ಕೆ ತೆಗೆದು ಸಂಜೆ ಮುಚ್ತಾರೆ, ನಮ್ಮ ಶಿಫ್ಟೂ ಅದೇ ಹೊತ್ತು. ಈ ಮೇಡಂ ರಾತ್ರಿ ಎಂಟಕ್ಕೆ ಬಾ ಅಂತಾರೆ, ದುಡ್ಡು ಪಗಾರ ಆದ್ಮೇಲೆ ಕೊಡು ಅಂತಾರೆ. ನಿಯಮ ಹೇಳೋದು ಸುಲಭ.

ಮಂಡಕ್ಕಿಮಿರ್ಚಿ
ಟೈಲರ್ ಅಕ್ಕ ಹೇಳಿದ್ದು ಸರಿ ಇದೆ. ಇದಕ್ಕೆ ಯಾರ ಹತ್ರನೂ ಉತ್ತರ ಇಲ್ಲ ನೋಡಿ.

ಲ್ಯಾಬ್‌ಕೋಟು
ಅಕ್ಕ, ಮೇಡಂನ ಬಿಡಿ ಅಂತ ನಾನು ಹೇಳಲ್ಲ. ಗೀರಬೇಡಿ, ಬರೀ ಒಣದು ಮಾಡಿ ಅಂತ ಅವ್ರಿಗೆ ಹೇಳಿ. ಜೊತೆಗೆ ಒಂದ್ಸಲ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸ್ಕೊಂಡು ಬಿಡಿ. ಹೆದರಿಸ್ತಿಲ್ಲ. ಭಾನುವಾರ ಬೆಳಗ್ಗೆ ತೆಗೆದಿರೋ ಲ್ಯಾಬುಗಳು ಊರಲ್ಲಿ ಇದಾವೆ.

ಟೈಲರ್_ಅಕ್ಕ
ಹೂಂ. ಮಾಡಿಸ್ತೀನಿ.

ಹದಡಿರಸ್ತೆ_ಸೊಸೆ
ಅಯ್ಯಯ್ಯೋ ಇಷ್ಟೊಂದು ಉತ್ತರ! ಅಡಿಗೆ ಮಾಡಿ ಬರೋದ್ರೊಳಗೆ ಜಾತ್ರೆ ಸೇರೈತೆ. ಕೆಲವ್ರು ಮೆಸೇಜ್ ಮಾಡಿ ಕೇಳಿದ್ರು, ಅತ್ತೆಗೆ ಬೇರೆ ಕಾಯಿಲೆ ಏನಾದ್ರೂ ಐತಾ ಅಂತ. ಅಂಥದ್ದೇನಿಲ್ಲ. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಐತೆ, ಗುಳಿಗೆ ತಗಂತಾರೆ. ಹೋದ ವರ್ಷ ಎದೆ ಹಿಡ್ಕಂಡಂಗೆ ಆಗಿತ್ತು, ಆವಾಗಿಂದ ರಾತ್ರಿ ಊಟ ಆದ್ಮೇಲೆ ರಕ್ತ ತೆಳು ಮಾಡೋ ಸಣ್ಣ ಗುಳಿಗೆ ಒಂದು. ಅಷ್ಟೆ.

ಓಪಿಡಿ_ನಂ_7
"ಅಂಥದ್ದೇನಿಲ್ಲ"!!!

ಲ್ಯಾಬ್‌ಕೋಟು
ಅಮ್ಮಾ ತಾಯಿ, ಇದನ್ನ ಮೊದಲನೇ ಸಾಲಿಗೇ ಬರೀಬೇಕಿತ್ತು.

ಹಕೀಮರ_ಮೊಮ್ಮಗಳು
ಗೀರೋ ಕಪ್ಪಿಂಗ್ ಬೇಡವೇ ಬೇಡ. ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳು ಮಾಡೋ ಗುಳಿಗೆ ತಗೊಳ್ಳೋರಿಗೆ ರಕ್ತ ಬೇಗ ನಿಲ್ಲಲ್ಲ. ಸಕ್ಕರೆ ಹೆಚ್ಚಿದ್ರೆ ಗಾಯ ಮಾಯೋದೂ ನಿಧಾನ, ಕೀವಾಗೋ ಭಯ ಬೇರೆ. ಬಸುರಿಯರಿಗೆ, ರಕ್ತಹೀನತೆ ಇರೋರಿಗೆ, ಚರ್ಮರೋಗ ಇರೋ ಜಾಗಕ್ಕೆ ಹೇಗೆ ಇಲ್ಲ ಅಂತೀವೋ ಇದಕ್ಕೂ ಹಾಗೇ.

ಬೆಣ್ಣೆ_ಜಾಸ್ತಿ
ಮೂರು ದಿನ ಆ ಗುಳಿಗೆ ಬಿಟ್ಟು ಹೋದ್ರಾಯ್ತು. ನಮ್ಮ ಚಿಕ್ಕಪ್ಪ ಹಲ್ಲು ಕೀಳಿಸೋವಾಗ ಹಂಗೇ ಮಾಡಿದ್ರು.

ಓಪಿಡಿ_ನಂ_7
ಬೇಡ! ದಯವಿಟ್ಟು ಯಾರೂ ಇದನ್ನ ಓದಿ ಹಾಗೆ ಮಾಡಬೇಡಿ. ಹೃದಯಕ್ಕೆ ಕೊಟ್ಟ ಆ ಗುಳಿಗೆಯನ್ನ ಬರೆದುಕೊಟ್ಟ ಡಾಕ್ಟರನ್ನ ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಭುಜದ ನೋವಿಗೆ ಹೋಗಿ ಹೃದಯಾಘಾತ ತಂದ್ಕೊಂಡ ಹಾಗಾಗುತ್ತೆ.

ಸೊಸೆಯವರೇ, ಇನ್ನೆರಡು ಪ್ರಶ್ನೆ. ಎಡ ಭುಜ ಅಂದಿದೀರಿ. ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಜಾಸ್ತಿಯಾಗುತ್ತಾ, ಬೆವರುತ್ತಾರಾ, ಉಸಿರು ಕಟ್ಟುತ್ತಾ? ಇಲ್ಲ ಕೈ ಎತ್ತಿದಾಗ ಮಾತ್ರಾನಾ?

ಹದಡಿರಸ್ತೆ_ಸೊಸೆ
ಕೈ ಎತ್ತಿದಾಗ, ಹಿಂದಕ್ಕೆ ತಿರುಗಿಸಿದಾಗ ಮಾತ್ರ. ನಾನು ಹಿಡಿದು ಎತ್ತಿದ್ರೂ ಒಂದು ಮಟ್ಟಕ್ಕೆ ಬಂದು ನಿಂತ್ಬಿಡ್ತೈತೆ, ಬಾಗಿಲಿಗೆ ಚಿಲಕ ಹಾಕಿದಂಗೆ. ಎರಡನೇ ಮಹಡಿ ಹತ್ತಿ ಸಂಡಿಗೆ ಒಣಗಿಸ್ತಾರೆ, ಏನೂ ಆಗಲ್ಲ.

ಓಪಿಡಿ_ನಂ_7
ಹಾಗಾದ್ರೂ ಹೃದಯದ ಡಾಕ್ಟ್ರ ಹತ್ತಿರ ಹೋದಾಗ ಒಂದು ಇಸಿಜಿ ಮಾಡಿಸಿಬಿಡಿ, ಮನಸ್ಸಿಗೆ ಸಮಾಧಾನ. ನೀವು ಹೇಳ್ತಿರೋದು ಕೇಳಿದ್ರೆ ಭುಜ ಬಿಗಿಯೋ ಕಾಯಿಲೆ ಥರ ಇದೆ, ಫ್ರೋಜನ್ ಶೋಲ್ಡರ್ ಅಂತೀವಿ. ನಲವತ್ತರಿಂದ ಅರವತ್ತರ ಹೆಂಗಸರಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆ ಇರೋರಲ್ಲಂತೂ ಇನ್ನೂ ಜಾಸ್ತಿ. ಕೀಲಿನ ಸುತ್ತ ಇರೋ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತೆ. ಒಂದರಿಂದ ಮೂರು ವರ್ಷ ಎಳೆಯಬಹುದು. ಪೊರೆ ಇರೋದು ಒಳಗೆ ಆಳದಲ್ಲಿ, ಚರ್ಮ ಎಳೆದ್ರೆ ಅದು ಸಡಿಲ ಆಗಲ್ಲ. ವ್ಯಾಯಾಮನೇ ಮುಖ್ಯ. ಆದ್ರೆ ಕೈ ಇಟ್ಟು ನೋಡದೆ ಇದೇ ಅಂತ ನಾನು ಹೇಳಲಾರೆ.

ದುರ್ಗದವಳು
ನೋಡಲು ಬಿಡಬೇಕಲ್ಲ ಡಾಕ್ಟ್ರೇ. ಕಥೆ ಶುರುವಾಗಿದ್ದೇ ಅಲ್ಲಿಂದ. ನಿಮ್ಮ ಒಪಿಡಿಯಲ್ಲಿ ಪರದೆ ಇದೆಯಾ? ಇದ್ರೂ ಎಳೀತೀರಾ?

ಓಪಿಡಿ_ನಂ_7
...ಇದೆ. ಅರ್ಧ ಹರಿದಿದೆ. ಎಳೆಯೋದು ಕಮ್ಮಿ. ಒಪ್ಕೊಂಡೆ ಮೇಡಂ.

ಸೊಸೆಯವರೇ, ಫಿಸಿಯೋಥೆರಪಿಯಲ್ಲಿ ಹೆಣ್ಣುಮಕ್ಕಳು ಬೇಕಾದಷ್ಟಿದಾರೆ. ಹೋಗೋಕೆ ಮುಂಚೆ ಫೋನ್ ಮಾಡಿ "ಲೇಡಿ ಫಿಸಿಯೋ ಯಾವಾಗ ಇರ್ತಾರೆ" ಅಂತ ಕೇಳಿ. ಯಾರೂ ತಪ್ಪು ತಿಳ್ಕೊಳ್ಳಲ್ಲ. ದೊಡ್ಡಾಸ್ಪತ್ರೆಯಲ್ಲೂ ಮಹಿಳಾ ಸಿಬ್ಬಂದಿ ಎದುರಿಗೇ ಪರೀಕ್ಷೆ ಮಾಡಿ ಅಂತ ಕೇಳೋ ಹಕ್ಕು ನಿಮಗಿದೆ.

ಗುಂಡಿಸರ್ಕಲ್
ಅಲ್ಲ, ಗಂಡಸ್ರಿಗೆ ಗಂಡಸ್ರೇ ಮಾಡೋ ಕಡೆ ಎಲ್ಲೈತೆ? ನಂಗೂ ಸೊಂಟ ಹಿಡ್ದೈತೆ.

ಆನಗೋಡು_ಗೌಡ
ನಮ್ಮ ತ್ವಾಟಕ್ಕೆ ಬಾ. ಮೆಕ್ಕೆಜೋಳದ ಚೀಲ ಎತ್ತು, ತಾನೇ ಬಿಡ್ತದೆ.

ಹದಡಿರಸ್ತೆ_ಸೊಸೆ
ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸ್ರಿ. ಮೊದ್ಲು ಆ ಬ್ಯಾನರಿನ ಜಾಗಕ್ಕೆ ನಾನೊಬ್ಳೇ ಹೋಗಿ ನೋಡ್ದೆ. ಪರದೆ, ಅಗರಬತ್ತಿ ಎಲ್ಲಾ ಚಂದ. "ಅತ್ತೆ ಎಕೋಸ್ಪ್ರಿನ್ ತಗಂತಾರೆ" ಅಂದೆ. "ಅದು ಸಣ್ಣ ಗುಳಿಗೆ ಅಲ್ವಾ, ಏನಾಗಲ್ಲ, ಕರ್ಕಂಡು ಬಾರಮ್ಮ" ಅಂದ್ರು. ಸರ್ಟಿಫಿಕೇಟು ಕೇಳ್ದೆ, "ಫ್ರೇಮಿಗೆ ಕೊಟ್ಟಿದೀನಿ" ಅಂದ್ರು. ಸರಿ ಅಂತ ಬಂದೆ.

ಆಮೇಲೆ ಓದಿರೋ ಯುನಾನಿ ಮೇಡಂ ಒಬ್ರ ಹತ್ರ ಅತ್ತೆನೂ ಕರ್ಕಂಡು ಹೋದೆ. ಗುಳಿಗೆ ಡಬ್ಬಿ ಪೂರ್ತಿ ಮೇಜಿನ ಮೇಲೆ ಸುರುವಿಸಿ ಒಂದೊಂದೇ ಓದಿದ್ರು, ಹಳೇ ರಿಪೋರ್ಟು ಕೇಳಿದ್ರು. ಬಾಗಿಲು ಹಾಕಿ ಭುಜ ನೋಡಿದ್ರು. ನಮ್ಮತ್ತೆ ಯಾರ ಮುಂದೂ ಸೆರಗು ಸರಿಸದೋರು ಅಲ್ಲಿ ಆರಾಮಾಗಿ ಕೂತು ನಮ್ಮ ಮಾವನ ಮೇಲಿನ ದೂರೂ ಹೇಳಿದ್ರು! ಮೇಡಂ "ರಕ್ತ ತೆಗೆಯಲ್ಲ ಅಮ್ಮ, ನೀವು ಎಷ್ಟು ಕೊಡ್ತೀನಿ ಅಂದ್ರೂ ತೆಗೆಯಲ್ಲ" ಅಂತ ಕಡ್ಡಿ ಮುರಿದಂಗೆ ಹೇಳಿದ್ರು. ಒಣ ಕಪ್ಪೂ ಹಾಕಲಿಲ್ಲ, ಗುಳಿಗೆಯಿಂದ ಚರ್ಮದೊಳಗೆ ಜಾಸ್ತಿ ರಕ್ತ ಕಟ್ತದೆ ಅಂತ. ಒಂದು ಚೀಟಿ ಬರೆದು ಫಿಸಿಯೋ ಹೆಣ್ಮಗಳ ಹತ್ರ ಕಳಿಸಿದ್ರು.

ಆಟೋದಲ್ಲಿ ಬರೋವಾಗ ಅತ್ತೆ ಮುಖ ಊದಿಸ್ಕಂಡಿದ್ರು. "ಒಂದು ಹನಿನೂ ತೆಗೀಲಿಲ್ಲ, ಮತ್ತೆ ರೊಕ್ಕ ಯಾಕೆ ಇಸ್ಕಂಡ್ರು?" ಅಂತ.

ಲ್ಯಾಬ್‌ಕೋಟು
ತೆಗೀದೇ ಇದ್ದಿದ್ದಕ್ಕೇ ಆ ರೊಕ್ಕ ಅಂತ ಹೇಳಿ ಅತ್ತೆಗೆ. ಇಸಿಜಿ?

ಹದಡಿರಸ್ತೆ_ಸೊಸೆ
ಆತು, ಸರಿ ಐತೆ ಅಂದ್ರು. ಸಕ್ಕರೆ ಮಾತ್ರ ಜಾಸ್ತಿ ಐತೆ, ಬೈದು ಕಳಿಸ್ಯಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಹೋಳಿಗೆ ಬಿಡು ಅಂದ್ರೆ ಬಿಡೋ ಪೈಕಿ ಅಲ್ಲ ಅವ್ರು.

ದುರ್ಗದವಳು
ಫಿಸಿಯೋ ಹೇಗಿದಾರೆ? ಅತ್ತೆ ಒಪ್ಪಿದ್ರಾ?

ಹದಡಿರಸ್ತೆ_ಸೊಸೆ
ಇಪ್ಪತ್ತೈದರ ಹುಡುಗಿ, ಅತ್ತೆನ "ಅಜ್ಜಿ" ಅಂದ್ಬಿಟ್ಳು, ಮೊದಲ ದಿನ ಅದಕ್ಕೇ ಸಿಟ್ಟು. ಬೆರಳಿನಿಂದ ಗೋಡೆ ಮೇಲೆ ಜೇಡ ಹತ್ತಿದಂಗೆ ಹತ್ತಿಸಬೇಕಂತೆ, ದಿನಾ ಮೂರು ಹೊತ್ತು. ಎಲ್ಲಿವರೆಗೂ ಹೋತು ಅಂತ ಪೆನ್ಸಿಲ್ ಗೆರೆ ಹಾಕಬೇಕು. ದೀಪಾವಳಿಗೆ ಬಣ್ಣ ಹೊಡೆಸಿದ ಗೋಡೆ, ಈಗ ನಮ್ಮನೆಯವ್ರು ಗೆರೆ ಎಣಿಸ್ಕಂಡು ಓಡಾಡ್ತಾರೆ. ನಿನ್ನೆ ಗೆರೆ ಕ್ಯಾಲೆಂಡರಿನ ಕೆಳಗಿನ ಅಂಚಿಗೆ ಬಂದೈತೆ. ಬೆಳಗ್ಗೆ ಎದ್ದು ನೋಡಿದ್ರೆ ಕ್ಯಾಲೆಂಡರ್ ಮೊಳೆ ಕಿತ್ತು ಪಕ್ಕಕ್ಕೆ ಇಟ್ಟಿದಾರೆ.

ಟೈಲರ್_ಅಕ್ಕ
ಆ ಫಿಸಿಯೋ ಹುಡುಗಿ ಸಂಜೆ ಏಳರ ಮೇಲೆ ಸಿಗ್ತಾಳಾ ಕೇಳ್ರಿ. ನಂದು ರಿಪೋರ್ಟು ಬಂತು, ಎರಡೂ ಇಲ್ಲ ಅಂತ ಐತೆ.

ಹದಡಿರಸ್ತೆ_ಸೊಸೆ
ಅಬ್ಬಾ! ಮಂಗಳವಾರ, ಶನಿವಾರ ಎಂಟೂವರೆತನಕ ಇರ್ತಾಳಂತೆ. ಮೆಸೇಜ್ ಮಾಡೀನಿ ನೋಡಕ್ಕ.